ಮೂಕವಾದ ಕಾರ್ಡು ಮತ್ತು ಒಂದು ಕೈಪಿಡಿ

ಲಿನಕ್ಸ್ ಕರ್ನೆಲನ್ನು ಸ್ವಹಸ್ತದಿಂದ ಕಂಪೈಲ್ ಮಾಡಿ ಯಂತ್ರವನ್ನು ಮರಳಿ ಚಾಲೂ ಮಾಡಿದವನಿಗೆ ಒದಗುವ ವಿಪತ್ತುಗಳಲ್ಲಿ ನೆಟ್‌ವರ್ಕ್ ಕಾರ್ಡು ಮೌನ ತಾಳುವುದು ವಿಶೇಷವಾಗಿ ಕ್ಲೇಶಕರವಾದುದು. ಏಕೆಂದರೆ ಪರಿಹಾರವನ್ನು ವಿಚಾರಿಸಿ ತಿಳಿಯಲು ಯಾವ ಮಾರ್ಗವಿತ್ತೋ ಆ ಮಾರ್ಗವೇ ಮುಚ್ಚಿಹೋಗಿರುತ್ತದೆ. ಅಂಥ ವೇಳೆಯಲ್ಲಿ ಮುದ್ರಿತ ಗ್ರಂಥವೊಂದು ಕೈಗೆಟಕುವುದು ಭಾಗ್ಯವೇ ಸರಿ. ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅವರ ‘ಲಿನಕ್ಸ್ ಕರ್ನೆಲ್ ಇನ್ ಎ ನಟ್‌ಶೆಲ್’ ಎಂಬ, 2006ರಲ್ಲಿ ಓರೈಲಿ ಪ್ರಕಾಶನದಿಂದ ಹೊರಬಂದ, ಕರ್ತೃವೇ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ ಕಿರುಹೊತ್ತಗೆ ಈ ಪ್ರಯೋಜನಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆಂಬುದು ಪರಿಶೀಲನಾರ್ಹ.

ಗ್ರಂಥದ ಸತ್ತ್ವವೆಲ್ಲ ಅದರ ಏಳನೆಯ ಅಧ್ಯಾಯದಲ್ಲಿದೆ. ಇಂಥ ಕಾರ್ಡಿಗೆ ಇಂಥ ಡ್ರೈವರೆಂದು ಪಟ್ಟಿ ಕೊಟ್ಟು ಕೃತಾರ್ಥರಾಗುವ ಲೇಖಕರೇ ಹೆಚ್ಚಾಗಿರುವಾಗ, ಇವರು ಪಟ್ಟಿಯನ್ನು ಬದಿಗಿರಿಸಿ ಅನ್ವೇಷಣೆಯ ಕ್ರಮವನ್ನು ಬೋಧಿಸುತ್ತಾರೆ. ಪಹಣಿಯಿಂದ ಹೊರಟು ಜಮೀನಿನ ಮೂಲಪುರುಷನನ್ನು ತಲಪುವ ಶಾನುಭೋಗನಂತೆ, ಅವರು ಕೆಲಸ ಮಾಡುತ್ತಿರುವ ಹಳೆಯ ಕರ್ನೆಲಿನ ಸಿಸ್‌ಎಫ್‌ಎಸ್ ಕಡತವೃಕ್ಷದಲ್ಲಿ ಕಾರ್ಡಿಗಿರುವ ‘ಇಥ್0’ ಎಂಬ ಹೆಸರನ್ನು ಹಿಡಿದು, ಅದರ ಕೊಂಡಿಗಳನ್ನು ಅನುಸರಿಸಿ, ‘ಇ1000’ ಎಂಬ ಮಾಡ್ಯೂಲಿಗೆ ಬರುತ್ತಾರೆ. ಆ ಬಳಿಕ ಮೂಲಸಂಹಿತೆಯ ಮೇಕ್‌ಫೈಲುಗಳಲ್ಲಿ ಅದೇ ಹೆಸರನ್ನು ಹುಡುಕಿ, ಸಂರಚನೆಯಲ್ಲಿ ಯಾವ ಆಯ್ಕೆಯನ್ನು ಒಪ್ಪಬೇಕೆಂಬುದನ್ನು ನಿಶ್ಚಯಿಸುತ್ತಾರೆ.

ಡ್ರೈವರೇ ಇನ್ನೂ ದೊರೆಯದ ಕಾರ್ಡಿನ ಪ್ರಸಂಗವಂತೂ ಇನ್ನೂ ಸ್ವಾರಸ್ಯಕರ. ರಿಯಲ್‌ಟೆಕ್ 8139 ಚಿಪ್ಪಿನ ಉತ್ಪಾದಕಸಂಖ್ಯೆ 10ಇಸಿ, ಸಾಧನಸಂಖ್ಯೆ 8139. ಇವನ್ನೇ ಸಾಕ್ಷ್ಯವಾಗಿಟ್ಟುಕೊಂಡು ಮೂಲಸಂಹಿತೆಯನ್ನು ಶೋಧಿಸಿದರೆ ಒಂದಲ್ಲ, ಎರಡು ಡ್ರೈವರುಗಳು ಹಕ್ಕು ಸಾಧಿಸುತ್ತ ಎದ್ದುಬರುತ್ತವೆ: 8139ಸಿಪಿ ಮತ್ತು 8139ಟೂ. ಮೊದಲನೆಯದು ಸಿ-ಪ್ಲಸ್ ಎಂಬ ಆವೃತ್ತಿಗೆ ಮಾತ್ರ ಸಲ್ಲತಕ್ಕದ್ದು. ಅಯೋಗ್ಯವಾದ ಚಿಪ್ಪು ಎದುರಾದಾಗ ‘ಇದು ನನ್ನದಲ್ಲ, 8139ಟೂ ಡ್ರೈವರನ್ನು ಬಳಸು’ ಎಂಬರ್ಥದ ಸಂದೇಶವನ್ನು ಅದು ತಾನೇ ಕರ್ನೆಲಿನ ಡಿಮೆಸೆಜ್ ದಾಖಲೆಯಲ್ಲಿ ಬರೆದಿಡುತ್ತದೆ. (ಮನುಷ್ಯರ ಕಚೇರಿಗಳಲ್ಲಿ ಇಷ್ಟು ಸೌಜನ್ಯ ದೊರೆಯುವುದು ಅಪರೂಪ.) ಆ ದಾಖಲೆಯನ್ನು ಓದದೆ ಮರಳಿ ಮರಳಿ ಕಂಪೈಲ್ ಮಾಡುತ್ತ ಕುಳಿತವನ ಶ್ರಮ ವ್ಯರ್ಥ.

ಆದರೆ ಅಧ್ಯಾಯದ ದೃಷ್ಟಿಯೆಲ್ಲ ಡ್ರೈವರಿನ ನಾಮನಿರ್ಣಯದಲ್ಲಿಯೇ ನೆಟ್ಟಿರುವುದು ಅದರ ನ್ಯೂನತೆ. ಸರಿಯಾದ ಡ್ರೈವರನ್ನೇ ಆರಿಸಿದರೂ, ಫರ್ಮ್‌ವೇರ್ ಕಡತವನ್ನು ಬೇಡುವ ಕಾರ್ಡು ಅದು ಸಿಗದೆ ನಿಷ್ಕ್ರಿಯವಾಗುವುದುಂಟು. ಡ್ರೈವರನ್ನು ಮಾಡ್ಯೂಲಾಗಿ ಕಟ್ಟದೆ ಕರ್ನೆಲಿನೊಳಗೇ ಬೆಸೆದಾಗ, ಡಿಸ್ಕಿನ ಕಡತಗಳು ಲಭ್ಯವಾಗುವ ಮೊದಲೇ ಆ ಬೇಡಿಕೆ ಹೊರಟು ವಿಫಲವಾಗಬಹುದು. ದೋಷವು ಡ್ರೈವರಿನದೇ ಆಗಿರಬೇಕೆಂಬ ನಿಯಮವೂ ಇಲ್ಲ. 2008ರಲ್ಲಿ, ಕರ್ನೆಲಿನ 2.6.27ರ ಪರೀಕ್ಷಾ ಆವೃತ್ತಿಗಳು ಇಂಟೆಲ್ ಕಾರ್ಡುಗಳ ಶಾಶ್ವತ ಸ್ಮೃತಿಯನ್ನೇ ಕೆಡಿಸತೊಡಗಿದಾಗ ಇ1000ಇ ಡ್ರೈವರಿನ ಮೇಲೆ ಅಪವಾದ ಬಂದಿತು; ಕಡೆಗೆ ಅಪರಾಧಿಯೆಂದು ತೇಲಿದ್ದು, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಎಫ್‌ಟ್ರೇಸ್ ಎಂಬ ಅನುಶೋಧನ ವ್ಯವಸ್ಥೆ.

ಡ್ರೈವರಿನ ಶೋಧದ ಬಹುಭಾಗವನ್ನು 2.6.32ರಿಂದೀಚೆಗೆ ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಆಜ್ಞೆ ತಾನೇ ನಿರ್ವಹಿಸುತ್ತದೆ, ನಿಜ. ಆದರೆ ಆ ಕ್ಷಣದಲ್ಲಿ ಲೋಡ್ ಆಗಿರುವ ಮಾಡ್ಯೂಲುಗಳನ್ನಷ್ಟೇ ಅದು ಉಳಿಸುವುದರಿಂದ, ಅಂದು ಸಿಕ್ಕಿಸದೆ ಇದ್ದ ಯುಎಸ್‌ಬಿ ಕಾರ್ಡು ಮರುದಿನ ಅನಾಥವಾಗುತ್ತದೆ. ಆದಕಾರಣ ಗ್ರಂಥದ ಉದಾಹರಣೆಗಳು ಜೀರ್ಣವಾಗಿದ್ದರೂ ಅದರ ಕ್ರಮ ಅಭ್ಯಾಸಯೋಗ್ಯವಾಗಿಯೇ ಉಳಿದಿದೆ. ಓದುಗರು ಗ್ರಂಥವನ್ನು ಮೊದಲೇ ಪ್ರತಿ ಮಾಡಿಟ್ಟುಕೊಳ್ಳಲಿ. ಹಳೆಯ ಕರ್ನೆಲನ್ನು ಬೂಟ್ ಮೆನುವಿನಿಂದ ತೆಗೆಯದಿರಲಿ.