ದ್ವೇಷದ ಪಾಠ ಹೇಳುವವರಿಗೆ ಪಾಠ ಹೇಳುವವರಾರು?

2025ರಲ್ಲಿ ಬಾನು ಮುಷ್ತಾಕ್ ಮೈಸೂರು ದಸರಾ ಉದ್ಘಾಟಿಸುವುದನ್ನು ತಡೆಯಲು ವಿರೋಧಿಗಳು ಸುಪ್ರೀಂ ಕೋರ್ಟಿನವರೆಗೂ ಹೋದರು. ಅರ್ಜಿ ವಜಾ ಆಯಿತು. ಹಕ್ಕನ್ನು ಕಾಯುವುದು ನ್ಯಾಯಾಲಯದ ಕೆಲಸ, ಮನಸ್ಸನ್ನು ತಿದ್ದುವುದು ತರಗತಿಯ ಕೆಲಸ.

ದ್ವೇಷದ ಬಗ್ಗೆ ಪಾಠ ಮಾಡಲು ಕನ್ನಡದಲ್ಲಿ ಪಠ್ಯಕ್ಕೆ ಬರವಿಲ್ಲ: ಬೊಳುವಾರು, ಸಾರಾ ಅಬೂಬಕ್ಕರ್, ಬಾನು ಇದ್ದಾರೆ. ಆದರೆ ಅವರನ್ನು 'ಮುಸ್ಲಿಂ ಸಂವೇದನೆ' ಎಂಬ ಒಂದೇ ಘಟಕಕ್ಕೆ ತಳ್ಳುವ ವಿಮರ್ಶೆ ಅಂತರವನ್ನೇ ಕಲಿಸುತ್ತದೆ. ಸಾರಾ, ಬಾನು ಸ್ವಂತ ಸಮುದಾಯದ ಪುರುಷಾಧಿಕಾರವನ್ನು ಪ್ರಶ್ನಿಸಿದ್ದು ಅಲ್ಲಿ ಎಲ್ಲರ ಮನೆಯ ಪ್ರಶ್ನೆಯಾಗುವುದಿಲ್ಲ.

ತರಗತಿಯಲ್ಲೇ ವಿದ್ಯಾರ್ಥಿಯೊಬ್ಬ ದ್ವೇಷದ ಮಾತಾಡಿದರೆ? ಬೈದರೆ ಅವನು ಬಾಯಿ ಮುಚ್ಚುತ್ತಾನೆ, ಬದಲಾಗುವುದಿಲ್ಲ. ಸುಮ್ಮನಿದ್ದರೆ ರಾಜೀವನಗರದಿಂದ ಬಂದ ಹುಡುಗಿ ಒಂಟಿಯಾಗುತ್ತಾಳೆ. ಈ ಇಕ್ಕಟ್ಟನ್ನು ದಾಟುವ ಬಗೆ ಪಠ್ಯಕ್ರಮದಲ್ಲಿರದು. ಹೊಸ ಅಧ್ಯಾಪಕರ ಪಕ್ಕದಲ್ಲಿ ಅನುಭವಿಗಳು ಕೂತು ಹೇಳಿಕೊಡಬೇಕು. ಮಾನಸಗಂಗೋತ್ರಿ ಅದಕ್ಕೆ ಮುಂದಾಗಲಿ.