ಧಾರಾವಾಹಿಯ ನೆನಪು ಯಾರ ಬಳಿ ಇರುತ್ತದೆ?

1973ರಲ್ಲಿ ಎರಿಕಾ ಕೇನ್ ಗರ್ಭಪಾತ ಮಾಡಿಸಿಕೊಂಡಳು. ಎರಿಕಾ, ‘ಆಲ್ ಮೈ ಚಿಲ್ಡ್ರನ್’ ಎಂಬ ಅಮೆರಿಕದ ಹಗಲು ಧಾರಾವಾಹಿಯ ಒಂದು ಪಾತ್ರ. ಧಾರಾವಾಹಿ 1970ರಲ್ಲಿ ಶುರುವಾಗಿ 2011ರವರೆಗೆ ಎಬಿಸಿ ವಾಹಿನಿಯಲ್ಲಿ ನಡೆಯಿತು. ಅಷ್ಟೂ ಕಾಲ ಸೂಸನ್ ಲೂಚಿ ಒಬ್ಬರೇ ಆ ಪಾತ್ರ ಮಾಡಿದರು. ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ಒಪ್ಪಿಕೊಂಡದ್ದು ಅದೇ 1973ರ ಜನವರಿಯಲ್ಲಿ. ಎರಿಕಾಳ ಜೀವಕ್ಕೆ ಅಪಾಯವೇನೂ ಇರಲಿಲ್ಲ. ಅವಳಿಗೆ ರೂಪದರ್ಶಿಯಾಗಬೇಕಿತ್ತು, ಮಗು ಬೇಡವಾಗಿತ್ತು, ಅಷ್ಟೇ. ಗಂಡನಿಗೂ ಹೇಳದೆ ಹೋಗಿ ಮಾಡಿಸಿಕೊಂಡು ಬಂದಳು.

2005ರಲ್ಲಿ ಅದೇ ಧಾರಾವಾಹಿಗೆ ಜಾಶ್ ಎಂಬ ತರುಣನೊಬ್ಬ ಬಂದ. ಅವನು ಎರಿಕಾಳದೇ ಮಗ ಎಂದು ಮುಂದೆ ಬಯಲಾಯಿತು. ಅಂದು ಗರ್ಭಪಾತ ಮಾಡಿದ ವೈದ್ಯ ಭ್ರೂಣವನ್ನು ನಾಶಮಾಡದೆ, ತನ್ನ ಹೆಂಡತಿಯ ಗರ್ಭದಲ್ಲಿ ಇಟ್ಟು ಬೆಳೆಸಿದ್ದನಂತೆ! ವೈದ್ಯಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಆದರೆ ಹಳೆಯ ಪ್ರೇಕ್ಷಕರು ಸಿಟ್ಟಾದದ್ದು ಆ ಕಾರಣಕ್ಕೆ ಎಂದುಕೊಂಡರೆ ಅವರನ್ನು ನಾವು ತಪ್ಪಾಗಿ ಓದಿದಂತೆ. ಸತ್ತವರು ಎದ್ದು ಬರುವುದನ್ನೂ, ಅವಳಿ ತಂಗಿಯರು ದಿಢೀರನೆ ಬಾಗಿಲಲ್ಲಿ ನಿಲ್ಲುವುದನ್ನೂ ನಗುತ್ತಲೇ ಒಪ್ಪಿಕೊಂಡವರು ಅವರು. ಭ್ರೂಣದ ವಿಷಯದಲ್ಲಿ ಮಾತ್ರ ಯಾಕೆ ಒಪ್ಪಲಿಲ್ಲ?

ಸತ್ತವನು ಎದ್ದು ಬಂದರೆ ಕಥೆಗೆ ಒಂದು ಘಟನೆ ಸೇರುತ್ತದೆ. ಜಾಶ್ ಬಂದಾಗ ಒಂದು ನಿರ್ಧಾರ ಕಳೆದುಹೋಯಿತು. ಎರಿಕಾ ಮೂವತ್ತೆರಡು ವರ್ಷ ಹೊತ್ತು ಬದುಕಿದ ತೀರ್ಮಾನ ಒಂದೇ ಏಟಿಗೆ ನಡೆದೇ ಇಲ್ಲ ಎಂದಾಯಿತು. ಅವಳ ಸ್ವಾರ್ಥ, ಅವಳ ಧೈರ್ಯ, ಮುಂದೆ ಮಕ್ಕಳ ಜೊತೆಗಿನ ಅವಳ ಜಗಳಗಳು, ಎಲ್ಲದರ ಬುಡದಲ್ಲೂ ಇದ್ದ ಕಲ್ಲನ್ನು ಯಾರೋ ಕಿತ್ತುಹಾಕಿದ ಹಾಗೆ. ಜೊತೆಗೆ ಆ ದೃಶ್ಯಗಳನ್ನು ನೋಡುತ್ತಾ ತಮ್ಮದೇ ನಿರ್ಧಾರಗಳನ್ನು ನೆನೆದ ಹೆಂಗಸರೂ ಇದ್ದಿರಲೇಬೇಕಲ್ಲ. ಅವರ ಆಕ್ಷೇಪವನ್ನು ನಾನು ಗಂಭೀರ ಸಾಹಿತ್ಯ ವಿಮರ್ಶೆ ಎಂದೇ ಕರೆಯುತ್ತೇನೆ.

ಧಾರಾವಾಹಿ ನೋಡುವವರ ಬಾಯಲ್ಲಿ ಅತಿ ಹೆಚ್ಚು ಕೇಳುವ ಮಾತು ‘ಅವಳು ಹಾಗೆ ಮಾಡೋಳಲ್ಲ’ ಎಂಬುದು. ನಾವು ತರಗತಿಯಲ್ಲಿ ಪಾತ್ರಪೋಷಣೆ, ಔಚಿತ್ಯ ಎಂದೆಲ್ಲ ಹೇಳುವುದು ಇದನ್ನೇ. ಕರಾವಳಿಯ ತಾಳಮದ್ದಲೆಯಲ್ಲಿ ಕೂತವರಿಗೆ ಇದು ಹೊಸದಲ್ಲ. ಅರ್ಥಧಾರಿ ಎಷ್ಟು ದೂರ ಬೇಕಾದರೂ ಮಾತು ಬೆಳೆಸಬಹುದು. ಆದರೆ ಕರ್ಣನ ಬಾಯಲ್ಲಿ ಕರ್ಣನಿಗೆ ಸಲ್ಲದ ಮಾತು ಬಂದರೆ ಎದುರಿಗಿರುವ ಹಳೆಯ ಕೇಳುಗರ ಮುಖ ಬದಲಾಗುತ್ತದೆ. ಅಲ್ಲಿ ಪ್ರಸಂಗದ ಪದ್ಯವಾದರೂ ಇದೆ, ತೆರೆದು ತೋರಿಸಬಹುದು. ಹಗಲು ಧಾರಾವಾಹಿಗೆ ಆ ಪುಸ್ತಕವೂ ಇಲ್ಲ.

‘ಗೈಡಿಂಗ್ ಲೈಟ್’ ಧಾರಾವಾಹಿಯನ್ನೇ ನೋಡಿ. ಇರ್ನಾ ಫಿಲಿಪ್ಸ್ ಅವರ ಕೈಯಲ್ಲಿ 1937ರಲ್ಲಿ ರೇಡಿಯೋದಲ್ಲಿ ಹುಟ್ಟಿ, 1952ರಲ್ಲಿ ಟಿವಿಗೆ ಬಂದು, 2009ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಎಪ್ಪತ್ತೆರಡು ವರ್ಷ. ನಡುವೆ ಬರಹಗಾರರು ಎಷ್ಟೋ ಮಂದಿ ಬಂದು ಹೋದರು, ನಟರು ಬದಲಾದರು, ಸಾಬೂನು ಮಾರುವ ಕಂಪನಿಯ ಲೆಕ್ಕಾಚಾರಗಳೂ ಬದಲಾದವು (‘ಸೋಪ್’ ಎಂಬ ಅಡ್ಡಹೆಸರು ಬಂದದ್ದೇ ಆ ಪ್ರಾಯೋಜಕರಿಂದ). ಮೊದಲ ವರ್ಷಗಳ ಕಂತುಗಳು ನೇರ ಪ್ರಸಾರ. ಆಮೇಲೆ ಟೇಪು ಬಂದರೂ 1970ರ ದಶಕದಲ್ಲೂ ಹಲವು ಧಾರಾವಾಹಿಗಳ ಟೇಪನ್ನು ಅಳಿಸಿ ಮತ್ತೆ ಬಳಸುವ ರೂಢಿ ಇತ್ತು. ಹಾಗಾದರೆ ಪಠ್ಯ ಎಲ್ಲಿದೆ? ಅಮ್ಮನ ಪಕ್ಕ ಕೂತು ನೋಡಲು ಶುರುಮಾಡಿ, ಮುಂದೆ ಮಗಳಿಗೆ ‘ಇವಳ ಮೊದಲ ಗಂಡ ಯಾರು ಗೊತ್ತಾ’ ಎಂದು ಹೇಳಿದವಳ ತಲೆಯಲ್ಲಿದೆ. ಹೊಸದಾಗಿ ಬಂದ ಬರಹಗಾರನಿಗಿಂತ ಅವಳಿಗೆ ಪಾತ್ರ ಹೆಚ್ಚು ಗೊತ್ತು. ಲೇಖಕನಿಗಿಂತ ಓದುಗನಿಗೆ ಹೆಚ್ಚು ನೆನಪಿರುವ ಇಂಥ ಸಾಹಿತ್ಯ ಪ್ರಕಾರ ಇನ್ನೊಂದು ನನಗೆ ಹೊಳೆಯುತ್ತಿಲ್ಲ.

ಕನ್ನಡದಲ್ಲಿ ‘ಧಾರಾವಾಹಿ’ ಎಂಬ ಪದವನ್ನು ನಾವು ಮೊದಲು ಬಳಸಿದ್ದು ವಾರಪತ್ರಿಕೆಗಳ ಕಾದಂಬರಿಗಳಿಗೆ. ‘ಸುಧಾ’ ಬರುವ ದಿನ ಮನೆಯಲ್ಲಿ ಯಾರು ಮೊದಲು ಓದಬೇಕು ಎಂಬ ಜಗಳ ನೆನಪಿರುವವರು ಈಗಲೂ ಇದ್ದಾರೆ. ಆದರೆ ಆ ಕಾದಂಬರಿಗೆ ಒಬ್ಬ ಲೇಖಕಿ ಇರುತ್ತಿದ್ದಳು, ಒಂದು ಕೊನೆ ಇರುತ್ತಿತ್ತು. ಕೊನೆಯೇ ಇಲ್ಲದ ಕಥೆಯನ್ನು ಓದುವುದು ಬೇರೆಯದೇ ವಿದ್ಯೆ. ರಾಬರ್ಟ್ ಆಲೆನ್ 1985ರ ತಮ್ಮ ‘ಸ್ಪೀಕಿಂಗ್ ಆಫ್ ಸೋಪ್ ಒಪೆರಾಸ್’ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಒಂದೇ ಸುದ್ದಿಯನ್ನು ಒಬ್ಬರಾದ ಮೇಲೆ ಒಬ್ಬರಿಗೆ ಹೇಳುತ್ತಾ ವಾರ ಕಳೆಯುವುದು ಹೊರಗಿನವನಿಗೆ ಬೇಸರದ ಎಳೆದಾಟ. ಒಳಗಿನವಳಿಗೆ ಹಾಗಲ್ಲ. ಬಸುರಿನ ಸುದ್ದಿ ಅತ್ತೆಗೆ ತಲುಪುವುದು ಬೇರೆ, ಹಳೆಯ ಪ್ರೇಮಿಗೆ ತಲುಪುವುದು ಬೇರೆ. ಸುದ್ದಿ ಏನೆಂಬುದು ಅವಳಿಗೆ ಆಗಲೇ ಗೊತ್ತು. ಅದನ್ನು ಕೇಳಿದವರ ಮುಖದಲ್ಲಿ ಇಪ್ಪತ್ತು ವರ್ಷದ ಸಂಬಂಧ ಹೇಗೆ ಹಾದುಹೋಗುತ್ತದೆ ಎಂಬುದನ್ನು ಅವಳು ಕಾಯುತ್ತಿರುತ್ತಾಳೆ.

ಇವರಿಗೆ ತಮ್ಮದೇ ಪರಿಭಾಷೆ ಉಂಟು, ಹಾಸ್ಯವೂ ಉಂಟು. ಆರು ವರ್ಷದ ಮಗು ಮಹಡಿ ಹತ್ತಿ ಹೋಗಿ ಕೆಲವೇ ತಿಂಗಳಲ್ಲಿ ಹದಿನಾರರ ಹುಡುಗನಾಗಿ ಇಳಿದು ಬಂದರೆ ಅದಕ್ಕೆ ‘ಸೋರಾಸ್’ ಎಂಬ ಕಾಯಿಲೆಯ ಹೆಸರಿಟ್ಟಿದ್ದಾರೆ: ಧಾರಾವಾಹಿ ಮಕ್ಕಳಿಗೆ ಬಡಿಯುವ ಶೀಘ್ರ ಮುಪ್ಪಿನ ರೋಗ. ನಮ್ಮ ಸೀರಿಯಲ್‌ಗಳ ‘ಲೀಪ್’ ಬಲ್ಲವರಿಗೆ ವಿವರಣೆ ಬೇಕಿಲ್ಲ.

ಆದರೆ ಪ್ರೇಕ್ಷಕರ ನೆನಪನ್ನು ತೀರಾ ಹೊಗಳುವ ಹಾಗೂ ಇಲ್ಲ. ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯ ಲ್ಯೂಕ್ ಮತ್ತು ಲಾರಾ ಕಥೆ ಇಲ್ಲಿ ಎದುರಾಗುತ್ತದೆ. 1963ರಲ್ಲಿ ಆರಂಭವಾಗಿ ಇನ್ನೂ ನಡೆಯುತ್ತಿರುವ ಧಾರಾವಾಹಿ ಇದು. 1979ರ ಅಕ್ಟೋಬರಿನ ಒಂದು ಕಂತಿನಲ್ಲಿ, ಖಾಲಿ ಡಿಸ್ಕೋ ಒಂದರಲ್ಲಿ, ಲ್ಯೂಕ್ ಲಾರಾಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಲಾರಾ ಆಗ ಬೇರೊಬ್ಬನ ಹೆಂಡತಿ, ಇನ್ನೂ ಹುಡುಗಿ. ಆ ಪಾತ್ರದ ಜೀನೀ ಫ್ರಾನ್ಸಿಸ್‌ಗೂ ಆಗ ಹದಿನೇಳು ವರ್ಷ. ಮುಂದೆ ಆ್ಯಂಟನಿ ಗಿಯರಿ ಅವರ ಲ್ಯೂಕ್ ಜನಪ್ರಿಯನಾದ. ಕಥೆ ದಾರಿ ಬದಲಿಸಿತು. ಅತ್ಯಾಚಾರ ಎಂಬ ಪದ ಹಿಂದೆ ಸರಿದು ಅದು ಮೋಹದ ಘಳಿಗೆಯಂತೆ ವರ್ಣಿತವಾಗತೊಡಗಿತು. 1981ರ ನವೆಂಬರ್ 16 ಮತ್ತು 17ರಂದು ಇಬ್ಬರ ಮದುವೆಯಾಯಿತು. ಅದನ್ನು ನೋಡಿದವರು ಸುಮಾರು ಮೂರು ಕೋಟಿ ಜನ. ಎಲಿಜಬೆತ್ ಟೇಲರ್ ಕೂಡ ಆ ಕಂತುಗಳಲ್ಲಿ ನಟಿಸಿದ್ದರು.

ಇಲ್ಲಿ ಮರೆತವರು ಬರಹಗಾರರು ಮಾತ್ರವಲ್ಲ. ನೋಡುಗರೂ ಬಹುಪಾಲು ಒಪ್ಪಿ ಮರೆತರು. ಎರಿಕಾಳ ವಿಷಯದಲ್ಲಿ ಎದ್ದುನಿಂತ ನೆನಪು ಇಲ್ಲಿ ಪ್ರೀತಿಯ ಮುಂದೆ ತಲೆತಗ್ಗಿಸಿತು. ‘ಅವನು ಹಾಗೆ ಮಾಡುವವನಲ್ಲ’ ಎಂಬ ಅದೇ ಮಾನದಂಡವನ್ನು ತಿರುಗಿಸಿ ಬಳಸಲಾಯಿತು: ಲ್ಯೂಕ್ ಒಳ್ಳೆಯವನು, ಒಳ್ಳೆಯವನು ಅತ್ಯಾಚಾರ ಮಾಡುವುದಿಲ್ಲ, ಆದ್ದರಿಂದ ಆದದ್ದು ಅತ್ಯಾಚಾರವಲ್ಲ. ಪಾತ್ರದ ಮೇಲಿನ ಮಮತೆ ಪಠ್ಯವನ್ನು ಹೇಗೆ ತಿದ್ದಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೆ? ಶಕುಂತಲೆಯನ್ನು ಮರೆತ ದುಷ್ಯಂತನಿಗೆ ಒಂದು ಶಾಪ, ಒಂದು ಉಂಗುರ ಒದಗಿಸಿಕೊಟ್ಟ ಪರಂಪರೆಯವರಾದ ನಾವು ಅಮೆರಿಕದವರನ್ನು ನೋಡಿ ಹುಬ್ಬೇರಿಸುವುದೂ ಬೇಡ.

ಆದರೂ ಕೆಲವರು ಮರೆತಿರಲಿಲ್ಲ. ಮುಗಿಯದ ಕಥೆಯಲ್ಲಿ ಹಳೆಯ ಸಾಲ ಹೂತುಹೋಗದೆ ಉಳಿಯುತ್ತದೆ, ಯಾರಾದರೂ ಅಗೆಯಬಹುದು. 1998ರಲ್ಲಿ ‘ಜನರಲ್ ಹಾಸ್ಪಿಟಲ್’ ಅಗೆಯಿತು. ಎಲಿಜಬೆತ್ ಎಂಬ ಹದಿಹರೆಯದ ಹುಡುಗಿಯ ಮೇಲೆ ಪ್ರೇಮಿಗಳ ದಿನದ ರಾತ್ರಿ ಅತ್ಯಾಚಾರವಾಗುತ್ತದೆ. ಹಿಮದಲ್ಲಿ ಬಿದ್ದಿದ್ದ ಅವಳನ್ನು ಕಂಡು, ಜೊತೆಗೆ ನಿಂತು, ಬದುಕಿಗೆ ಮರಳಲು ನೆರವಾಗುವವನು ಲಕಿ. ಅವನು ಲ್ಯೂಕ್ ಮತ್ತು ಲಾರಾ ಅವರ ಮಗ. ತಂದೆ ತಾಯಿಯ ಪ್ರೇಮಕಥೆ ಎಲ್ಲಿ ಶುರುವಾಯಿತು ಎಂಬುದು ಅವನಿಗೆ ಆಗ ಗೊತ್ತಾಗುತ್ತದೆ. ಅವನು ಅಪ್ಪನನ್ನು ಎದುರು ನಿಲ್ಲಿಸಿ ಕೇಳುತ್ತಾನೆ.

ಈ ಪ್ರಶ್ನೆಗೆ ಬಲ ಬಂದದ್ದು ಹತ್ತೊಂಬತ್ತು ವರ್ಷಗಳಿಂದ. ಎರಡು ಗಂಟೆಯ ಸಿನಿಮಾದಲ್ಲಿ ‘ಹಲವು ವರ್ಷಗಳ ನಂತರ’ ಎಂದು ಬರೆದು ತೋರಿಸಬಹುದು. ಇಲ್ಲಿ ಅಷ್ಟು ವರ್ಷ ನಿಜವಾಗಿಯೇ ಕಳೆದಿದ್ದವು. ಗಿಯರಿ ಮತ್ತು ಫ್ರಾನ್ಸಿಸ್ ಇಬ್ಬರಿಗೂ ವಯಸ್ಸಾಗಿತ್ತು. ಆ ಮದುವೆಗೆ ಕಣ್ಣೀರು ಹಾಕಿದ್ದ ಹುಡುಗಿಯರಿಗೂ ಈಗ ಮನೆಯಲ್ಲಿ ಲಕಿಯ ವಯಸ್ಸಿನ ಮಕ್ಕಳಿದ್ದಿರಬಹುದು. ಮಗ ಅಪ್ಪನನ್ನು ಕೇಳಿದ್ದು ಅವರ ಕಿವಿಗೂ ಬಿತ್ತು.