ತರ್ಕ: ಹಾಡಿಲ್ಲದ ಕೊಲೆಯ ಕಥೆ

ಹರೂರಿನ ನಮ್ಮ ಮನೆಗಳಲ್ಲಿ ತಮಿಳಿನ ‘ಪುರಿಯಾದ ಪುದಿರ್’ (1990) ನೋಡಿದವರು ಹಲವರು. ಅದರ ಮೂಲ ಕನ್ನಡದ ‘ತರ್ಕ’ (1989) ಎಂದು ಬಲ್ಲವರು ಕಡಿಮೆ. ಸುನೀಲ್ ಕುಮಾರ್ ದೇಸಾಯಿಯವರ ಈ ಮೊದಲ ಚಿತ್ರದ ಬೇರು ಅಗಾಥಾ ಕ್ರಿಸ್ಟಿಯ 1958ರ ನಾಟಕದಲ್ಲಿದೆ: ಗಂಡನ ಶವ, ಪಕ್ಕದಲ್ಲಿ ಹೆಂಡತಿ, ಮನೆಯೊಳಗೆ ಬಂದ ಅಪರಿಚಿತ. ಪಾತ್ರಗಳು ಕೆಲವೇ, ಹಾಡು ಒಂದೂ ಇಲ್ಲ.

ಶಂಕರ್‌ನಾಗ್ ಇಲ್ಲಿ ನಾಯಕನ ಠೀವಿಯನ್ನು ಬದಿಗಿಟ್ಟು ನಟಿಸಿದ್ದಾರೆ. ಆದರೂ ಚಿತ್ರ ನಿಂತಿರುವುದು ದೇವರಾಜ್ ಅವರ ಸಂಶಯಪಿಶಾಚಿ ಗಂಡನ ಮೇಲೆ. ಕೊಂದವರು ಯಾರೆಂದು ಗೊತ್ತಾದ ಮೇಲೂ ಚಿತ್ರ ಹಳಸುವುದಿಲ್ಲ. ಪೊಲೀಸರು ಬರುವ ಮೊದಲೇ ಆ ಹೆಂಡತಿ (ವನಿತಾ ವಾಸು) ಗಂಡನ ವಿಚಾರಣೆಯಲ್ಲಿ ಬೆಂದಿದ್ದಾಳೆ. ತಮಿಳಿನಲ್ಲಿ ರಘುವರನ್ ‘ಐ ನೋ’ ಎಂದು ಮತ್ತೆ ಮತ್ತೆ ಹೇಳಿಯೇ ನಡುಕ ಹುಟ್ಟಿಸಿದರು. ಮೆಚ್ಚೋಣ. ಮಕ್ಕಳಿಗೆ ದೇವರಾಜ್ ಅವರನ್ನೂ ಒಮ್ಮೆ ತೋರಿಸಿ.